ಚೆನ್ನಮ್ಮನೆಂಬ ಹೆಸರು

ಕುಂದಾಪುರ ತಾಲೂಕಿನ ಕೆರಾಡಿ ಗ್ರಾಮವು ಸಹ್ಯಾದ್ರಿಯ ತಪ್ಪಲಿನ ಸೀಮೆಗೆ ಸೇರಿದುದು. ಘಟ್ಟವನ್ನೇರಿದರೆ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರಿನ ನಾಡು. ಕೆರಾಡಿ, ಕೆಳದಿ ಎಂಬ ಹೆಸರುಗಳು ಕಿವಿಗೆ ಹತ್ತಿರವಾಗಿ ಕೇಳಿಸುವುವಾದರೂ ಇವೆರಡನ್ನು ಒಂದೆಂದು ಭ್ರಮಿಸಲಾಗದು. ಕೆಳದಿಯು ಸಾಗರದ ಬಳಿಯ ಊರು. ಆದರೆ ಬಸರೂರು ಬಂದರವನ್ನೊಳಗೊಂಡ ಈ ಕರಾವಳಿಯು, 1763ರಲ್ಲಿ ಹೈದರಲಿಯು ಬಿದನೂರನ್ನು ಹಿಡಿಯುವವರೆಗೂ, ಬಹುಮಟ್ಟಿಗೆ ಆ ವೀರಶೈವ ಅರಸುಮನೆತನದ ಆಳಿಕೆಯಲ್ಲಿದ್ದಿತು. 1671ರ ತರುವಾಯ ಸುಮಾರು 25 ವರ್ಷಗಳ ಕಾಲ ಘಟ್ಟದ ಮೇಲಣವರೂ ಕೆಳಗಣವರೂ ಓರ್ವ ಹೆಣ್ಣುಮಗಳ ಅಪ್ಪಣೆಗೆ ತಲೆವಾಗಿದರು. ಆಕೆಯೇ ಚೆನ್ನಮ್ಮಾಜಿ.

ಭಕ್ತರ ಮನೆಗಳಲ್ಲಿ ಇಂದಿಗೂ ಕೇಳಬರುವ ಈ ಹೆಸರಿನ ಅರ್ಥವನ್ನು ವಿಚಾರಿಸುವವರು ವಿರಳ. ಚಿನ್ನಮ್ಮನೆಂಬುದೇ ಚೆನ್ನಮ್ಮನಾಯಿತೆಂದು ಕೆಲವರು ತಿಳಿಯುವುದುಂಟು. ಅದು ಸರಿಯಲ್ಲ. ತಮಿಳು ತೆಲುಗುಗಳಲ್ಲಿ ‘ಚಿನ್ನ’ ಎಂದರೆ ಕಿರಿದು, ಕನ್ನಡದಲ್ಲಿ ಹೊನ್ನು. ‘ಚೆನ್ನ’ ಎಂಬುದಾದರೋ ಚೆಲುವೆಂಬ ಅರ್ಥದ ಅಚ್ಚ ದೇಶ್ಯಶಬ್ದ. ಕ್ಷೇಮಸಮಾಚಾರವನ್ನು ಕೇಳುವಾಗ ನಾವು ‘ಚೆನ್ನಾಗಿರುವಿರಾ’ ಎನ್ನುವುದು ಇದೇ ಶಬ್ದದಿಂದ. (ಕುಂದಾಪುರದ ಆಡುಮಾತಿನಲ್ಲಿ ಈ ಸ್ಥಾನವನ್ನು ‘ಲಾಯ್ಕ್’ ಎಂಬ ಬಂದ ಮಾತು ಆಕ್ರಮಿಸಿರುವುದು ಬೇರೆ ಸಂಗತಿ.)

ಇದು ಒಂದು ಮತದವರ ಸೊತ್ತೂ ಅಲ್ಲ. ಬೇಲೂರಿನ ವಿಷ್ಣುವು ಚೆನ್ನಕೇಶವನು; ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯು ಜೈನಳು. ಹೀಗಿರಲು ಶಿವಭಕ್ತರ ಮನೆಯಲ್ಲಿ ಈ ಹೆಸರಿಗೆ ವಿಶೇಷಾರ್ಥವು ಎಲ್ಲಿಂದ ಬಂದಿತು? ಹನ್ನೆರಡನೆಯ ಶತಮಾನದ ವಚನಗಳಿಂದಲೇ ಎನ್ನುವುದು ಯುಕ್ತವಾಗಿ ತೋರುತ್ತದೆ. ಬಸವಣ್ಣನವರ ಸೋದರಳಿಯನ ಹೆಸರು ಚೆನ್ನಬಸವಣ್ಣ. ಆತನ ಅಂಕಿತವು ಕೂಡಲಚೆನ್ನಸಂಗಮದೇವ. ಘಟ್ಟದ ಮೇಲಣ ಶಿಕಾರಿಪುರ ಸೀಮೆಯ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿಯಕ್ಕನು ಶ್ರೀಶೈಲದ ಮಲ್ಲಿಕಾರ್ಜುನನನ್ನು ಬರಿಯ ಮಲ್ಲಿಕಾರ್ಜುನನೆಂದು ಕರೆಯದೆ ಚೆನ್ನಮಲ್ಲಿಕಾರ್ಜುನನೆಂದು ಕರೆದಳು.

ಆ ಒಂದು ‘ಚೆನ್ನ’ದಲ್ಲಿ ಅಕ್ಕನ ಜೀವಿತವೇ ಅಡಗಿದೆ. ಆಕೆಯ ರೂಪಕ್ಕೆ ಮರುಳಾದವನು ಕೌಶಿಕನೆಂಬ ಅರಸು. ಹರಿಹರನ ರಗಳೆಯಲ್ಲಿ ಆಕೆ ನಿಬಂಧನೆಗಳನ್ನಿಟ್ಟು ಅವನ ಕೈಹಿಡಿದು, ಅವನು ಮಾತಿಗೆ ತಪ್ಪಲು ತೊರೆದು ನಡೆಯುವಳು. ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ವಿವಾಹವೇ ನಡೆಯದು. ಕವಿಗಳ ಕಥೆಗಳು ಭಿನ್ನವಾದರೂ ಆಕೆ ವರಿಸಿದ ಗಂಡನ ವಿಷಯದಲ್ಲಿ ಭೇದವಿಲ್ಲ. ಲೋಕವು ಹೆಣ್ಣಿನ ಮೈಯಲ್ಲಿ ಹುಡುಕುವ ಚೆಲುವನ್ನು ಅಕ್ಕನು ಅಳಿವಿಲ್ಲದ ದೇವನಲ್ಲಿ ಕಂಡಳು. ಆದಕಾರಣ ಕೂಸಿಗೆ ಚೆನ್ನಮ್ಮನೆಂದು ಕರೆಯುವ ಭಕ್ತಳು ಅದರ ಮೈಬಣ್ಣವನ್ನು ಹೊಗಳುತ್ತಿಲ್ಲ; ಕಪ್ಪು ಕೂಸಾದರೂ ಆ ಹೆಸರು ಅದಕ್ಕೆ ಸಲ್ಲುವುದು.

ಕೆಳದಿಯ ರಾಣಿಯೂ ಅರಸುಕುವರಿಯಲ್ಲ; ಕೋಟಿಪುರದ ಸಿದ್ಧಪ್ಪಶೆಟ್ಟರೆಂಬ ಲಿಂಗವಂತ ವರ್ತಕರ ಮಗಳು. ಶೆಟ್ಟರ ಮನೆಯ ತೊಟ್ಟಿಲಲ್ಲಿ ಇಟ್ಟ ಹೆಸರೇ ಸಿಂಹಾಸನದಲ್ಲಿಯೂ ಉಳಿಯಿತು. ಪತಿಯಾದ ಸೋಮಶೇಖರನಾಯಕನು ಹತನಾದ ಮೇಲೆ ಆಕೆ ಪಟ್ಟವೇರಿದಳು. 1689ರಲ್ಲಿ ಸಂಭಾಜಿಯನ್ನು ಕೊಲ್ಲಿಸಿದ ಔರಂಗಜೇಬನ ಸೇನೆಗೆ ಸಿಕ್ಕದೆ ಜಿಂಜಿಯತ್ತ ಹೊರಟ ಶಿವಾಜಿಯ ಮಗ ರಾಜಾರಾಮನು ಈಕೆಯ ಆಶ್ರಯವನ್ನು ಬೇಡಿದನು. ಇದಕ್ಕೆ 24 ವರ್ಷಗಳ ಹಿಂದೆ, 1665ರಲ್ಲಿ, ಅದೇ ಶಿವಾಜಿಯು ಹಡಗುಗಳಲ್ಲಿ ಬಂದು ಕೆಳದಿಯವರ ಬಸರೂರನ್ನು ಸೂರೆಗೊಂಡಿದ್ದನು! ಚೆನ್ನಮ್ಮಾಜಿಯು ಆ ಹಳೆಯ ಲೆಕ್ಕವನ್ನೆತ್ತಲಿಲ್ಲ. ಶರಣಾಗತನಿಗೆ ತನ್ನ ರಾಜ್ಯದಲ್ಲಿ ದಾರಿಯನ್ನಿತ್ತಳು. ಬೆನ್ನಟ್ಟಿ ಬಂದ ಮೊಗಲರ ದಂಡನ್ನು ಎದುರಿಸಿದಳು.

ಆಕೆಯ ಹೆಸರನ್ನು ಹೊತ್ತ ಚೆನ್ನಗಿರಿಯು ಈಗ ದಾವಣಗೆರೆ ಜಿಲ್ಲೆಯಲ್ಲಿರುವುದು. ದತ್ತುಪುತ್ರನಾದ ಬಸವಪ್ಪನಾಯಕನು 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ಲಿಂಗಣ್ಣಕವಿಯು ಕೆಳದಿನೃಪವಿಜಯದಲ್ಲಿ ಈ ವಂಶದ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಟ್ಟನು. ಮುಂದೆ 1824ರಲ್ಲಿ ಕಿತ್ತೂರಿನಲ್ಲಿ ಕುಂಪಣಿಯ ದಂಡಿನೊಡನೆ ಕಾದಿದ ರಾಣಿಯ ಹೆಸರೂ ಚೆನ್ನಮ್ಮನೇ ಆಗಿದ್ದಿತು. ಆ ಸೀಮೆಯ ಮನೆಗಳಲ್ಲಿ ಇದೇ ಹೆಸರು ಚೆನ್ನವ್ವ, ಚೆನ್ನಬಸವ್ವ ಎಂದು ಬಾಯಿಂದ ಬಾಯಿಗೆ ಸಾಗಿಬಂದಿದೆ.