ಭೀಮೆಯ ತಡಿಯ ಕುದುರೆ ಮತ್ತು ವಂಶವೈವಿಧ್ಯದ ಪ್ರಶ್ನೆ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಾದ ನಮಗೆ ಭೀಮೆ ಮನೆಯಂಗಳದ ನದಿ. ಆ ನದಿಯ ಹೆಸರನ್ನೇ ಹೊತ್ತ ಕುದುರೆಯ ತಳಿಯೊಂದಿದೆ. ಅದನ್ನು ಭೀಮಥಡಿ ಎನ್ನುತ್ತಾರೆ. ಮರಾಠಿಯ ‘ಥಡಿ’, ಕನ್ನಡದ ‘ತಡಿ’ ಎರಡಕ್ಕೂ ಅರ್ಥ ಹೊಳೆಯ ದಂಡೆಯೆಂದೇ. ಈ ಕುದುರೆಯ ಚರಿತ್ರೆಯನ್ನು ನೋಡಿದರೆ, ಒಂದು ತಳಿ ಬಾಳುವುದು ಯಾವುದರಿಂದ, ಅಳಿಯುವುದು ಯಾವುದರಿಂದ ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ದಕ್ಷಿಣದ ಅರಸರಿಗೆ ಕುದುರೆಯ ಅರಿವು ಇರಲಿಲ್ಲವೆನ್ನಲಾಗದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಕುದುರೆಗಳ ಲಕ್ಷಣಗಳನ್ನೂ ಕುದುರೆಯೇರಿ ಆಡುವ ಚೆಂಡಾಟವನ್ನೂ ವರ್ಣಿಸುತ್ತದೆ. ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡದಲ್ಲಿಯೇ ಬರೆದನು. ಆದರೂ ದೊಡ್ಡ ಸೈನ್ಯಗಳ ಕುದುರೆಗಳು ಬಹುಪಾಲು ಕಡಲಾಚೆಯಿಂದಲೇ ಬರಬೇಕಾಗಿತ್ತು. ಪಾಂಡ್ಯ ದೇಶದಲ್ಲಿ ಹುಟ್ಟಿದ ಮರಿಗಳು ಸವಾರಿಗೆ ಬಾರವೆಂದೂ, ತರಿಸಿದ ಕುದುರೆಗಳು ಆರೈಕೆಯಿಲ್ಲದೆ ಸಾಯುವುವೆಂದೂ ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಬರೆದನು. ವಿಜಯನಗರದ ಅರಸನು ಹರ್ಮುಜಿನವೂ ನಾಡಿನವೂ ಸೇರಿ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದು ಪೋರ್ಚುಗೀಸ್ ವರ್ತಕ ನೂನಿಜನ ಹೇಳಿಕೆ. ವರ್ಷವರ್ಷವೂ ಹೀಗೆ ಕೊಳ್ಳುತ್ತಲೇ ಇರಬೇಕಾದಲ್ಲಿ ಕುದುರೆಯ ಸಂಖ್ಯೆ ಬೆಳೆದೀತು, ವಂಶ ನೆಲೆಯೂರದು.

ಭೀಮೆ, ನೀರಾ, ಮಾಣ ನದಿಗಳ ಕಣಿವೆಗಳಲ್ಲಿ ನಡೆದದ್ದು ಬೇರೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಅಲ್ಲಿ ಅರಬ್ಬೀ ಮತ್ತು ತುರ್ಕಿ ಕುದುರೆಗಳ ರಕ್ತ ಸ್ಥಳೀಯ ತಟ್ಟುಗಳ ರಕ್ತದೊಡನೆ ಬೆರೆಯಿತು. ಆಳು ಗಿಡ್ಡ, ಕಾಲು ಗಟ್ಟಿ, ಒಣಮೇವಿನಲ್ಲಿಯೂ ದೂರ ನಡೆಯಬಲ್ಲ ಕುದುರೆ ಹುಟ್ಟಿತು. ಮರಾಠರ ದಂಡಿನಲ್ಲಿ ಸರಕಾರದ ಕುದುರೆಯೇರುವ ಬಾರಗೀರರೊಡನೆ, ತಮ್ಮದೇ ಕುದುರೆ ತರುವ ಶಿಲೇದಾರರೂ ಇದ್ದರು. ಹಾಗಾಗಿ ಕುದುರೆಯನ್ನು ಸಾಕುವ ಕೆಲಸ ಒಂದೇ ಲಾಯದಲ್ಲಿ ನಿಲ್ಲದೆ ಹಲವು ಮನೆಗಳಿಗೆ ಹಂಚಿಹೋಗುವ ಅವಕಾಶವಿತ್ತು. ಇದೇ ಈ ತಳಿಯ ಬಲವಾಯಿತೆಂದು ನಾವು ತಿಳಿಯುತ್ತೇವೆ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ದಂಡುಗಳು ಚದುರಿದವು, ಕುದುರೆಗೆ ಗಿರಾಕಿಯಿಲ್ಲವಾಯಿತು. ಬ್ರಿಟಿಷರ ಸೈನ್ಯಕ್ಕೆ ಎತ್ತರದ ಕುದುರೆ ಬೇಕಾಗಿತ್ತು. ಅದಕ್ಕಾಗಿ ಇಂಗ್ಲಿಷ್ ಮತ್ತು ಅರಬ್ಬೀ ಗಂಡುಕುದುರೆಗಳನ್ನು ತರಿಸಿ ನಾಡಿನ ಹೆಣ್ಣುಕುದುರೆಗಳಿಗೆ ಕೂಡಿಸಿದರು. ಭೀಮಥಡಿ ಅಳಿಯಿತೆಂದೇ ಹಲವರು ಭಾವಿಸಿದರು. ಅದು ಉಳಿದದ್ದು ಕುರಿಹಿಂಡಿನೊಡನೆ ಊರಿಂದೂರಿಗೆ ಅಲೆಯುವ ಧನಗರರ ಹಟ್ಟಿಗಳಲ್ಲಿ. ಸಂಸಾರದ ಸಾಮಾನು, ಕೂಸು, ಕುರಿಮರಿಗಳನ್ನು ಹೊತ್ತು ನಡೆಯುವುದೇ ಅದರ ಕಾಯಕವಾಯಿತು.

ಒಂದು ಗಂಡುಕುದುರೆ ವರ್ಷಕ್ಕೆ ಹತ್ತಾರು ಮರಿಗಳಿಗೆ ತಂದೆಯಾಗಬಲ್ಲುದು. ಹೆಣ್ಣು ಒಂದು ಮರಿಯನ್ನಷ್ಟೇ ಹಾಕುತ್ತದೆ. ಆದಕಾರಣ ಕುದುರೆಯ ಕುಲದಲ್ಲಿ ತಾಯಿಯ ವಂಶಗಳು ಹಲವು, ತಂದೆಯ ವಂಶಗಳು ಕೆಲವು. ತಳಿವಿಜ್ಞಾನದ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ನೂರು ಹೆಣ್ಣುಗಳಿಗೆ ಒಂದೇ ಗಂಡಾದರೆ, ವಂಶವೈವಿಧ್ಯದ ದೃಷ್ಟಿಯಿಂದ ಆ ಹಿಂಡು ಸುಮಾರು ನಾಲ್ಕು ಕುದುರೆಗಳಿಗೆ ಸಮ. ಅದೇ ನೂರಕ್ಕೆ ಹತ್ತು ಗಂಡುಗಳಾದರೆ ಮೂವತ್ತಾರಕ್ಕೆ ಸಮ. ಹಿಂಡು ಕಣ್ಣಿಗೆ ದೊಡ್ಡದಾಗಿ ಕಂಡರೂ ಒಳಗೆ ಬಡವಾಗಿರಬಹುದು.

ಇಂಗ್ಲೆಂಡಿನ ಓಟದ ಕುದುರೆ ಥರೋಬ್ರೆಡ್ ಇದಕ್ಕೆ ನಿದರ್ಶನ. 1791ರಿಂದ ಅದರ ವಂಶಾವಳಿ ಅಚ್ಚಾಗುತ್ತ ಬಂದಿದೆ. ಅಷ್ಟು ಕಟ್ಟುನಿಟ್ಟಿನ ದಾಖಲೆ ಬಹಳ ಪ್ರಾಣಿಗಳಿಗಿಲ್ಲ. ಆದರೂ ಇಂದಿನ ಥರೋಬ್ರೆಡ್ ಗಂಡುಗಳಲ್ಲಿ ನೂರಕ್ಕೆ ಸುಮಾರು 95ರ ಪಿತೃವಂಶ ಡಾರ್ಲಿ ಅರೇಬಿಯನ್ ಎಂಬ ಒಂದೇ ಕುದುರೆಗೆ ಹೋಗಿ ಮುಟ್ಟುತ್ತದೆ. ಗೆದ್ದ ಕುದುರೆಯ ಬೀಜವನ್ನೇ ಎಲ್ಲರೂ ಬಯಸಿದ್ದರ ಫಲವಿದು.

ದಾಖಲೆಯನ್ನು ಬೇರೆ ರೀತಿಯಲ್ಲಿ ಬಳಸಿದ ಉದಾಹರಣೆಯೂ ಉಂಟು. ಮಂಗೋಲಿಯಾದ ಪ್ರಜೆವಾಲ್ಸ್ಕಿ ಕಾಡುಕುದುರೆ 1969ರ ಬಳಿಕ ಬಯಲಿನಲ್ಲಿ ಕಾಣಿಸಲಿಲ್ಲ. ಮೃಗಾಲಯಗಳಲ್ಲಿ ಉಳಿದವುಗಳ ಮೂಲವಾದರೂ ಹನ್ನೆರಡರ ಆಸುಪಾಸಿನ ಕಾಡುಕುದುರೆಗಳು. ಪ್ರಾಗ್ ನಗರದಲ್ಲಿ ಅವೆಲ್ಲವುಗಳ ವಂಶಾವಳಿಯನ್ನು ಇರಿಸಿಕೊಂಡು, ಹತ್ತಿರದ ನಂಟರು ಕೂಡದಂತೆ ದೇಶದೇಶಗಳ ನಡುವೆ ಕುದುರೆಗಳನ್ನು ಬದಲಿಸಿಕೊಂಡರು. 1992ರಲ್ಲಿ ಅವು ಮರಳಿ ಮಂಗೋಲಿಯಾದ ಹುಲ್ಲುಗಾವಲನ್ನು ತುಳಿದವು. ಒಂದೆಡೆ ವಂಶಾವಳಿ ಕುಲವನ್ನು ಕಿರಿದಾಗಿಸಲು ನೆರವಾಯಿತು, ಇನ್ನೊಂದೆಡೆ ಹರಡಿ ಉಳಿಸಲು ನೆರವಾಯಿತು. ಪುಸ್ತಕ ಒಂದೇ ಬಗೆಯದು, ಬಳಸಿದವರ ಉದ್ದೇಶ ಬೇರೆ.

ಈಚೆಗೆ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಭೀಮಥಡಿಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಇದು ಸಂತೋಷದ ಸಂಗತಿ. ಆದರೆ ಎಚ್ಚರವೂ ಬೇಕಾದ ಹೊತ್ತು. ತಳಿಗೆ ಹೆಸರು ಬಂದೊಡನೆ ಬೆಲೆ ಏರುತ್ತದೆ, ಪ್ರದರ್ಶನದಲ್ಲಿ ಗೆದ್ದ ಒಂದೆರಡು ಗಂಡುಗಳ ಬೆನ್ನು ಹತ್ತುವ ಆಸೆಯೂ ಹುಟ್ಟುತ್ತದೆ. ಧನಗರರ ಹಟ್ಟಿಗಳಲ್ಲಿ ಹೆಸರಿಲ್ಲದೆ ಉಳಿದ ಹರವು ಹೆಸರು ಬಂದಮೇಲೆ ಕುಗ್ಗಬಾರದು. ಹಟ್ಟಿಗಳ ನಡುವೆ ಗಂಡುಕುದುರೆಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಿಕೊಳ್ಳುವುದು, ಸಾಧಾರಣವಾಗಿ ಕಾಣುವ ಹೆಣ್ಣುಕುದುರೆಯ ವಂಶವನ್ನೂ ಬರೆದಿಡುವುದು, ಇವು ಹೆಚ್ಚು ಖರ್ಚಿಲ್ಲದೆ ಆಗಬಹುದಾದ ಕೆಲಸಗಳು.

ಯಾವ ಮರಿ ಯಾವ ಕುದುರೆಯದು, ಅದರ ಅಜ್ಜಿ ಯಾರ ಹಟ್ಟಿಯಿಂದ ಬಂದದ್ದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡವರು ಕುದುರೆ ಸಾಕಿದ ಹಿರಿಯರು. ನದಿಯ ಈ ದಂಡೆಯ ಬೀರಪ್ಪನ ಒಕ್ಕಲಿಗೂ ಆ ದಂಡೆಯ ಬಿರೋಬಾನ ಒಕ್ಕಲಿಗೂ ದೈವವೊಂದೇ, ಕುರಿಯ ಬದುಕೂ ಒಂದೇ. ಆ ಹಿರಿಯರ ಮಾತನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೇಳಿ ಬರೆದಿಡಬಲ್ಲವರು ಎರಡೂ ನುಡಿಯನ್ನು ಬಲ್ಲ ಗಡಿನಾಡಿನ ನಾವೇ. ನಮ್ಮ ಸಂಘಗಳು ಈ ಕೆಲಸವನ್ನು ಕೈಗೆತ್ತಿಕೊಂಡರೆ, ಭೀಮೆಯ ತಡಿಯ ಕುದುರೆಗೆ ಅದರ ಮೊದಲ ವಂಶಾವಳಿ ದೊರೆತೀತು.