ಗಾಡಿ ಸರಿಯಿತು, ನಿಲ್ದಾಣ ಉಳಿಯಿತು

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಜೆರ್ಸಿ ರಾಜ್ಯದಲ್ಲಿ ಪ್ರಿನ್ಸ್‌ಟನ್ ಎಂಬ ಊರಿದೆ. ಆ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಐನ್‌ಸ್ಟೈನರು 1933ರಲ್ಲಿ ಅಲ್ಲಿಗೆ ಬಂದು, 1955ರಲ್ಲಿ ಕಣ್ಣುಮುಚ್ಚುವವರೆಗೂ ಅಲ್ಲಿಯೇ ನೆಲೆಸಿದ್ದರು. ವುಡ್ರೊ ವಿಲ್ಸನ್ನರು ರಾಷ್ಟ್ರಾಧ್ಯಕ್ಷರಾಗುವುದಕ್ಕೆ ಮೊದಲು, 1902ರಿಂದ 1910ರವರೆಗೆ, ಅಲ್ಲಿಯ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು. ಆದರೆ ನಾನು ಇಂದು ಹೇಳಹೊರಟಿರುವುದು ಅಂಥ ಹಿರಿಯರ ಕಥೆಯನ್ನಲ್ಲ. ಆ ವಿಶ್ವವಿದ್ಯಾಲಯದ ಅಂಚಿನಲ್ಲಿರುವ ಒಂದು ಪುಟ್ಟ ರೈಲ್ವೆ ನಿಲ್ದಾಣದ ಕಥೆಯನ್ನು. 1918ರಲ್ಲಿ ಕಟ್ಟಿದ ಆ ನಿಲ್ದಾಣ ತೊಂಬತ್ತೈದು ವರ್ಷ ಗಾಡಿಗಳನ್ನು ಬರಮಾಡಿಕೊಂಡು ಬೀಳ್ಕೊಟ್ಟು, 2016ರಲ್ಲಿ ಒಂದು ಭೋಜನಶಾಲೆಯಾಯಿತು.

2018ರ ಬೇಸಿಗೆಯಲ್ಲಿ ನಾನು ಮಗಳ ಮನೆಗೆಂದು ಆ ಸೀಮೆಗೆ ಹೋಗಿದ್ದಾಗ ಅದನ್ನು ಕಂಡೆ. ಹೊರಗಿನಿಂದ ನೋಡಿದವರಿಗೆ ಅದು ಇಂದಿಗೂ ನಿಲ್ದಾಣವೇ. ಕಾಲೇಜಿನ ಹಳೆಯ ಕಟ್ಟಡಗಳ ಗಾಥಿಕ್ ಶೈಲಿಯನ್ನೇ ಅನುಸರಿಸಿ ಕಟ್ಟಿದ ಕಲ್ಲಿನ ಮನೆ. ಪಕ್ಕದಲ್ಲಿ, ಹಿಂದೆ ಪ್ರಯಾಣಿಕರ ಪೆಟ್ಟಿಗೆಗಳನ್ನು ಇರಿಸುತ್ತಿದ್ದ ಅದರ ತಮ್ಮನಂಥ ಇನ್ನೊಂದು ಕಟ್ಟಡ. ಹತ್ತಿರ ಹೋಗಿ ನೋಡಿದರೆ ಕಂಬಿಗಳಿಲ್ಲ. ಟಿಕೆಟ್ಟಿಗಾಗಿ ಜನ ನಿಲ್ಲುತ್ತಿದ್ದ ಕಡೆಯಲ್ಲಿ ಮೇಜುಗಳಿವೆ, ತಟ್ಟೆಗಳಿವೆ, ನಗುತ್ತ ಮಾತನಾಡುವ ತರುಣರಿದ್ದಾರೆ. ಪೆಟ್ಟಿಗೆಗಳ ಕೋಣೆಯೂ 2017ರಲ್ಲಿ ಮತ್ತೊಂದು ಊಟದ ಮನೆಯಾಗಿತ್ತು. ಗಾಡಿ ಮಾತ್ರ ಅಲ್ಲಿಗೆ ಬರುವುದಿಲ್ಲ. ಅದು 460 ಅಡಿ ದಕ್ಷಿಣಕ್ಕೆ, ಹೊಸದಾಗಿ ಕಟ್ಟಿದ ಬೇರೊಂದು ನಿಲ್ದಾಣದಲ್ಲಿ ನಿಲ್ಲುತ್ತದೆ. ಈ 460 ಅಡಿಗಳಿಗಾಗಿ ಆ ಊರಿನವರು ವರ್ಷಗಟ್ಟಲೆ ವಾದ ಮಾಡಿದರೆಂದು ತಿಳಿದಾಗ ನನಗೆ ಮೊದಲು ನಗು ಬಂದಿತು. ಕಥೆಯನ್ನು ಬುಡದಿಂದ ಕೇಳಿದ ಮೇಲೆ ಆ ನಗು ಉಳಿಯಲಿಲ್ಲ.

ಬುಡವೆಂದರೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧ. 1834ರಲ್ಲಿ ಡೆಲವೇರ್ ಮತ್ತು ರಾರಿಟನ್ ನದಿಗಳನ್ನು ಕೂಡಿಸುವ ಕಾಲುವೆಯೊಂದು ಪ್ರಿನ್ಸ್‌ಟನ್ನಿನ ಕೆಳಗೆ ಹರಿಯಿತು. ಕೆಲವೇ ವರ್ಷಗಳಲ್ಲಿ ಆ ಕಾಲುವೆಯ ದಡವನ್ನು ಹಿಡಿದು ರೈಲುದಾರಿಯೂ ಬಂದಿತು. ಕಾಲುವೆ ಬಳಸಿದ ಕಡೆಯಲ್ಲೆಲ್ಲ ಕಂಬಿಯೂ ಬಳಸಬೇಕು. ವೇಗದ ಗಾಡಿಗೆ ಅದು ಒಗ್ಗುವ ಮಾತಲ್ಲ. ಆದುದರಿಂದ 1863ರಲ್ಲಿ ಕಂಪನಿಯವರು ನೇರವಾದ ಹೊಸ ದಾರಿಯನ್ನು ಹಾಕಿದರು. ಇಂದು ನ್ಯೂಯಾರ್ಕಿನಿಂದ ಫಿಲಡೆಲ್ಫಿಯಾಕ್ಕೆ ಹೋಗುವ ಮುಖ್ಯಮಾರ್ಗ ಅದೇ. ದಾರಿ ನೇರವಾಯಿತು, ಆದರೆ ಪ್ರಿನ್ಸ್‌ಟನ್ ಮೂರು ಮೈಲಿ ದೂರದಲ್ಲಿ ಒಂಟಿಯಾಗಿ ಉಳಿಯಿತು. ಊರು ಇದ್ದಲ್ಲೇ ಇದ್ದಿತು, ರೈಲೇ ಎದ್ದು ಹೋಯಿತು. ಆ ಕೊರತೆಯನ್ನು ತುಂಬಲು 1865ರಲ್ಲಿ ಮುಖ್ಯಮಾರ್ಗದ ಜಂಕ್ಷನ್ನಿನಿಂದ ಊರಿಗೆ ಒಂದು ಕವಲುದಾರಿಯನ್ನು ಹಾಕಿದರು. ಅದರ ಮೇಲೆ ಓಡಾಡುವ ಪುಟ್ಟ ಗಾಡಿಯನ್ನು ಜನ ‘ಡಿಂಕಿ’ ಎಂದು ಕರೆದರು. ಚಿಕ್ಕ ಉಗಿಬಂಡಿಗೆ ಆ ದೇಶದ ಆಡುಮಾತಿನಲ್ಲಿ ಇರುವ ಹೆಸರು ಅದು. ಇಂದು ಅದರ ಉದ್ದ 2.7 ಮೈಲಿ, ಪ್ರಯಾಣದ ಕಾಲ ಸುಮಾರು ಐದು ನಿಮಿಷ. ಕಿಟಕಿಯ ಪಕ್ಕದಲ್ಲಿ ಕುಳಿತು ಕನ್ನಡಕವನ್ನು ಒರಸಿಕೊಳ್ಳುವಷ್ಟರಲ್ಲಿ ಊರು ಬಂದುಬಿಡುತ್ತದೆ.

ಆ ಗಾಡಿ ಮೊದಲು ಬಂದು ನಿಲ್ಲುತ್ತಿದ್ದುದು ವಿಶ್ವವಿದ್ಯಾಲಯದ ಒಡಲಿನಲ್ಲೇ. 1897ರಲ್ಲಿ ಅಲ್ಲಿ ಬ್ಲೇರ್ ಹಾಲ್ ಎಂಬ ವಿದ್ಯಾರ್ಥಿನಿಲಯ ಎದ್ದಿತು. ಅದಕ್ಕೆ ಹಣ ಕೊಟ್ಟ ಜಾನ್ ಬ್ಲೇರ್ ರೈಲ್ವೆ ಉದ್ಯಮದಿಂದಲೇ ಸಿರಿವಂತನಾದವನು. ಅದರ ನಡುವೆ ಎತ್ತರದ ಗೋಪುರ, ಗೋಪುರದ ಕೆಳಗೆ ಕಮಾನು, ಕಮಾನಿನಿಂದ ಕೆಳಕ್ಕೆ ವಿಶಾಲವಾದ ಮೆಟ್ಟಿಲುಗಳು. ಗಾಡಿಯಿಂದ ಇಳಿದವನು ತಲೆಯೆತ್ತಿದರೆ ಎದುರಿಗೆ ವಿದ್ಯಾನಗರದ ಮಹಾದ್ವಾರ! ನಮ್ಮಲ್ಲಿ ಊರ ಬಾಗಿಲಿಗೆ ತೋರಣ ಕಟ್ಟುವಂತೆ, ಅವರು ರೈಲಿನಿಂದ ಬರುವವರಿಗಾಗಿ ಕಲ್ಲಿನ ತೋರಣವನ್ನೇ ಕಟ್ಟಿದ್ದರು.

ಆದರೆ 1918ರಲ್ಲಿ ನಿಲ್ದಾಣವನ್ನು ಅಲ್ಲಿಂದ ತೆಗೆದು ದಕ್ಷಿಣಕ್ಕೆ ಸರಿಸಿದರು. ಗಾಡಿಗಳು ನಿಲ್ಲುತ್ತಿದ್ದ ನೆಲದಲ್ಲಿ ಮುಂದೆ ವಿದ್ಯಾರ್ಥಿನಿಲಯಗಳು ಎದ್ದವು. ನಾನು ಆ ಮೆಟ್ಟಿಲುಗಳ ಕೆಳಗೆ ನಿಂತು ನೋಡಿದೆ. ಅಷ್ಟು ದೊಡ್ಡ ಬಾಗಿಲು, ಅಷ್ಟು ಅಗಲದ ಸೋಪಾನ. ಅದು ಯಾರನ್ನು ಎದುರುಗೊಳ್ಳುತ್ತಿದೆ ಎಂಬುದು ಮಾತ್ರ ತಿಳಿಯದು. ರೈಲಿನ ಸಂಗತಿಯನ್ನು ಅರಿತವನಿಗಷ್ಟೇ ಆ ಬಾಗಿಲಿನ ಅರ್ಥ ತೆರೆಯುತ್ತದೆ. ಹೀಗೆ ಸರಿದ ನಿಲ್ದಾಣಕ್ಕಾಗಿ ಕಟ್ಟಿದುದೇ ನಾನು ಮೊದಲು ಹೇಳಿದ ಕಲ್ಲಿನ ಮನೆ. ಎಂದರೆ, ಊರಿನವರು ‘ನಮ್ಮ ಹಳೆಯ ನಿಲ್ದಾಣ’ ಎಂದು ಯಾವುದಕ್ಕಾಗಿ ಹೋರಾಡಿದರೋ ಅದೂ ಒಮ್ಮೆ ಹೊಸ ನಿಲ್ದಾಣವಾಗಿತ್ತು. ಇನ್ನೊಂದನ್ನು ಕಳೆದೇ ಅದು ಬಂದಿತ್ತು.

ಆ ಕಲ್ಲಿನ ಮನೆ ಕಂಡ ಕಾಲ ಸಣ್ಣದಲ್ಲ. ಫುಟ್‌ಬಾಲ್ ಪಂದ್ಯಗಳ ದಿನ ದೂರದ ನಗರಗಳಿಂದ ವಿಶೇಷ ಗಾಡಿಗಳು ಅದರ ಅಂಗಳಕ್ಕೆ ಬಂದು ಸಾಲಾಗಿ ನಿಲ್ಲುತ್ತಿದ್ದವು. 1969ರವರೆಗೆ ಅದು ಗಂಡುಹುಡುಗರ ಕಾಲೇಜು. ಅವರ ಗೆಳತಿಯರು ವಾರದ ಕೊನೆಯಲ್ಲಿ ಬಂದಿಳಿಯುತ್ತಿದ್ದುದೂ ಅಲ್ಲಿಯೇ. ದಾರಿಯ ಒಡೆತನ ಮಾತ್ರ ಕೈಯಿಂದ ಕೈಗೆ ಹೋಯಿತು. ಮಹಾಬಲಿಷ್ಠವಾಗಿದ್ದ ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿ 1968ರಲ್ಲಿ ಇನ್ನೊಂದರೊಡನೆ ಕೂಡಿಕೊಂಡು, ಎರಡೇ ವರ್ಷಗಳಲ್ಲಿ ದಿವಾಳಿಯಾಯಿತು. ಕೊನೆಗೆ ಪ್ರಯಾಣಿಕರ ಗಾಡಿಗಳನ್ನು ನಡೆಸುವ ಹೊಣೆ ನ್ಯೂಜೆರ್ಸಿ ರಾಜ್ಯದ ಸಾರಿಗೆ ಸಂಸ್ಥೆಯ ಮೇಲೆ ಬಿದ್ದಿತು. ಆ ಸಂಸ್ಥೆ 1984ರಲ್ಲಿ ನಿಲ್ದಾಣವನ್ನೂ ಅದರ ನೆಲವನ್ನೂ 8,98,000 ಡಾಲರುಗಳಿಗೆ ವಿಶ್ವವಿದ್ಯಾಲಯಕ್ಕೆ ಮಾರಿತು. ಅದೇ ವರ್ಷ ನಿಲ್ದಾಣದ ಹೆಸರು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು. ಸಾರ್ವಜನಿಕ ಸಾರಿಗೆಯ ಹಕ್ಕುಗಳನ್ನು ಕ್ರಯಪತ್ರದಲ್ಲಿ ಕಾದಿರಿಸಿದ್ದರು. ಆ ವಾಕ್ಯಗಳ ಅರ್ಥವೇನು ಎಂಬುದರ ಮೇಲೆಯೇ ಮುಂದೆ ವ್ಯಾಜ್ಯ ಹುಟ್ಟಿತು.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ವಿಶ್ವವಿದ್ಯಾಲಯ ಅಲ್ಲಿ ಸಂಗೀತ, ನಾಟಕ, ನೃತ್ಯಗಳಿಗಾಗಿ ಹೊಸ ಕಲಾಕೇಂದ್ರವನ್ನು ಕಟ್ಟಲು ಯೋಜಿಸಿತು. ವಾಹನಗಳ ನಿಲುಗಡೆಗೆ ದಾರಿ ಬಿಡಬೇಕು. ಆ ದಾರಿಗೆ ಕಂಬಿ ಅಡ್ಡ. ಆದುದರಿಂದ ಗಾಡಿಯ ಕೊನೆಯ ನಿಲುಗಡೆ ದಕ್ಷಿಣಕ್ಕೆ ಸರಿಯಬೇಕು. ಹಳೆಯ ಕಟ್ಟಡಗಳನ್ನು ಕೆಡವದೆ ಊಟದ ಮನೆಗಳನ್ನಾಗಿ ಮಾಡೋಣ ಎಂಬುದು ಯೋಜನೆಯ ಸಾರ. ಊರಿನಲ್ಲಿ ಎದುರುಮಾತು ಎದ್ದಿತು. ಗಾಡಿಯನ್ನು ಉಳಿಸಿ ಎಂದು ನಾಗರಿಕರು ಸಂಘ ಕಟ್ಟಿದರು, ಪ್ರಯಾಣಿಕರ ಸಂಘವೂ ಕೂಡಿಕೊಂಡಿತು, ಮೊಕದ್ದಮೆಗಳಾದವು. ವಿಶ್ವವಿದ್ಯಾಲಯದ ವಾದವೂ ತೆಗೆದುಹಾಕುವಂಥದಲ್ಲ: ಗಾಡಿಯನ್ನು ನಿಲ್ಲಿಸುತ್ತಿಲ್ಲ, ಕೆಲವು ಹೆಜ್ಜೆ ಸರಿಸುತ್ತಿದ್ದೇವೆ, ಹೊಸದಾದ, ಅನುಕೂಲವಾದ ನಿಲ್ದಾಣವನ್ನು ಕಟ್ಟಿಕೊಡುತ್ತಿದ್ದೇವೆ ಎಂದು. ಮೊಕದ್ದಮೆಗಳಲ್ಲಿ ಊರಿನವರಿಗೆ ಜಯ ದೊರೆಯಲಿಲ್ಲ. 2013ರ ಆಗಸ್ಟಿನಲ್ಲಿ ಹಳೆಯ ನಿಲ್ದಾಣಕ್ಕೆ ಗಾಡಿಗಳು ನಿಂತವು. ಅರಿಜೋನಾದ ವಾಸ್ತುಶಿಲ್ಪಿ ರಿಕ್ ಜಾಯ್ ರೂಪಿಸಿದ ಹೊಸ ನಿಲ್ದಾಣ 2014ರ ನವೆಂಬರಿನಲ್ಲಿ ತೆರೆಯಿತು. ಕಲಾಕೇಂದ್ರ 2017ರಲ್ಲಿ ಸಿದ್ಧವಾಯಿತು.

ಹೊಸ ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದ ವೃದ್ಧರೊಬ್ಬರೊಡನೆ ನಾನು ಮಾತಿಗಿಳಿದೆ. “460 ಅಡಿ ಬಹಳ ದೂರವೇ?” ಎಂದು ಕೇಳಿದೆ. ಅವರು ನನ್ನ ಕಾಲುಗಳನ್ನೊಮ್ಮೆ ನೋಡಿ, “ಇಂಥ ಬೇಸಿಗೆಯಲ್ಲಿ ದೂರವಲ್ಲ. ಹಿಮ ಬಿದ್ದ ದಿನ, ಗಾಡಿ ಹೊರಡಲು ಒಂದು ನಿಮಿಷ ಉಳಿದಿರುವಾಗ, ನಮ್ಮ ವಯಸ್ಸಿನಲ್ಲಿ ನಡೆದು ನೋಡಿ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ದೂರದ ಚಿಂತೆಯಿಲ್ಲ. ಒಮ್ಮೆ ಸರಿಸಿದ್ದನ್ನು ಇನ್ನೊಮ್ಮೆ ಸರಿಸುವುದು ಸುಲಭ. ಆಮೇಲೆ ತೆಗೆದೇಬಿಡುವುದೂ ಸುಲಭ. ನನ್ನ ಭಯ ಅದು” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಗಾಡಿ ಬಂದಿತು, ಹತ್ತಿದರು.

ಈ ಭಯವನ್ನು ಮುದುಕರ ಹಳಹಳಿಕೆ ಎಂದು ತಳ್ಳುವುದು ಸುಲಭ. ಇನ್ನೊಂದು ಕಡೆ, ಕಟ್ಟಡ ಉಳಿದುದನ್ನು ಹಗುರಾಗಿ ಕಾಣುವುದೂ ತಪ್ಪು. ಪ್ರಿನ್ಸ್‌ಟನ್ನಿನ ಕವಲುದಾರಿಯನ್ನು ನಡೆಸುತ್ತಿದ್ದ ಅದೇ ಪೆನ್ಸಿಲ್ವೇನಿಯಾ ಕಂಪನಿ ನ್ಯೂಯಾರ್ಕ್ ನಗರದಲ್ಲಿ 1910ರಲ್ಲಿ ಅರಮನೆಯಂಥ ನಿಲ್ದಾಣವನ್ನು ತೆರೆದಿತ್ತು. ಡಿಂಕಿಯಲ್ಲಿ ಬಂದು ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದವರು ಕೊನೆಗೆ ಇಳಿಯುತ್ತಿದ್ದುದು ಅಲ್ಲಿಯೇ. 1963ರಲ್ಲಿ ಆ ಮಹಾಸೌಧವನ್ನು ಕೆಡವಲು ತೊಡಗಿದರು. ಅಲ್ಲಿ ನಡೆದುದು ಇದಕ್ಕೆ ತಿರುಗುಮುರುಗು: ಗಾಡಿಗಳು ನೆಲದಡಿಯಲ್ಲಿ ಇಂದಿಗೂ ಓಡುತ್ತಿವೆ, ಮೇಲಿನ ಅರಮನೆ ಮಾತ್ರ ಇಲ್ಲ. ಆ ನಷ್ಟದ ನೋವಿನಿಂದಲೇ 1965ರಲ್ಲಿ ನ್ಯೂಯಾರ್ಕ್ ತನ್ನ ಹಳೆಯ ಕಟ್ಟಡಗಳ ರಕ್ಷಣೆಗೆ ಕಾನೂನು ಮಾಡಿಕೊಂಡಿತು. ದೊಡ್ಡದು ಅಳಿದು ಚಿಕ್ಕದು ಉಳಿಯಿತೆಂದರೆ, ಆ ಚಿಕ್ಕದರ ಮೇಜಿನ ಮೇಲೆ ಊಟ ಬಡಿಸುವವರಿಗೆ ನಾವು ಕೃತಜ್ಞರಾಗಿರಲೇಬೇಕು. ಬಳಕೆಯಿಲ್ಲದ ಮನೆ ಬೇಗ ಹಾಳಾಗುತ್ತದೆ. ಒಲೆ ಉರಿಯುವ ಮನೆಗೆ ಬಾಳಿಕೆ ಹೆಚ್ಚು.

ಭಾಷೆಯನ್ನು ಕಲಿಸಿ ಬಾಳಿದ ನನಗೆ ಇಲ್ಲಿ ಒಂದು ಮಾತು ನೆನಪಾಗುತ್ತದೆ. ‘ಎಣ್ಣೆ’ ಎಂಬ ಪದವನ್ನು ಬಿಡಿಸಿದರೆ ಎಳ್ಳು ಮತ್ತು ನೆಯ್. ಎಳ್ಳಿನಿಂದ ತೆಗೆದ ಜಿಡ್ಡು ಎಂದೇ ಅದರ ಮೂಲಾರ್ಥ. ಇಂದು ನಾವು ಕೊಬ್ಬರಿ ಎಣ್ಣೆ ಎನ್ನುತ್ತೇವೆ, ಸೀಮೆಎಣ್ಣೆ ಎನ್ನುತ್ತೇವೆ, ಅಲ್ಲಿ ಎಳ್ಳೆಲ್ಲಿದೆ? ಆದರೂ ಪದ ಕೆಟ್ಟಿತೆಂದು ಯಾರೂ ಅಳುವುದಿಲ್ಲ, ಏಕೆಂದರೆ ಎಳ್ಳೆಣ್ಣೆ ಇನ್ನೂ ಇದೆ. ಆ ಭೋಜನಶಾಲೆಗೆ ಇಟ್ಟ ಹೆಸರೇನು ಗೊತ್ತೆ? ‘ಡಿಂಕಿ’! ಗಾಡಿಯ ಹೆಸರು ಊಟದ ಮನೆಗೆ ಬಂದಿತು. ಗಾಡಿ ಓಡುತ್ತಿರುವವರೆಗೆ ಆ ಹೆಸರು ಒಂದು ನಂಟನ್ನು ಹೇಳುತ್ತದೆ. ಗಾಡಿ ನಿಂತುಹೋದರೆ ಅದು ಬಾಗಿಲ ಮೇಲಿನ ಬರಿಯ ಅಲಂಕಾರವಾಗುತ್ತದೆ, ಬ್ಲೇರ್ ಹಾಲಿನ ಮೆಟ್ಟಿಲುಗಳಂತೆ.

ನಾನು ಊರಿಗೆ ಮರಳಿದ ಮೇಲೆ, ಅದೇ 2018ರ ಅಕ್ಟೋಬರಿನಲ್ಲಿ, ಡಿಂಕಿ ನಿಂತಿತೆಂಬ ಸುದ್ದಿ ಮಗಳಿಂದ ಬಂದಿತು. ಅಪಾಯ ಕಂಡಾಗ ಗಾಡಿಗಳನ್ನು ತಾನಾಗಿ ತಡೆಯುವ ಸುರಕ್ಷಾ ವ್ಯವಸ್ಥೆಯೊಂದನ್ನು ರಾಜ್ಯದ ರೈಲುಮಾರ್ಗಗಳಲ್ಲಿ ಅಳವಡಿಸುವ ಕೆಲಸ ನಡೆದಿತ್ತು. ಅಷ್ಟು ಕಾಲ ಅಲ್ಲಿ ಬಸ್ಸು. ನನಗೆ ಆ ವೃದ್ಧರ ಮುಖ ಕಣ್ಣಿಗೆ ಕಟ್ಟಿತು. ಅವರು ಪ್ರತಿ ಬೆಳಗ್ಗೆ ಬಸ್ಸಿಗೆ ಕಾಯುತ್ತ, ಹೇಳಿದೆನಲ್ಲ ಎಂದುಕೊಳ್ಳುತ್ತಿರಬಹುದು ಎನಿಸಿತು. ಏಳು ತಿಂಗಳು ಕಳೆದವು. 2019ರ ಮೇ ತಿಂಗಳಿನಲ್ಲಿ ಮಗಳು ದೂರವಾಣಿಯಲ್ಲಿ, “ಅಪ್ಪಾ, ನಿಮ್ಮ ಪುಟ್ಟ ಗಾಡಿ ಮತ್ತೆ ಬಂತು” ಎಂದಳು. ಸಾವಿರಾರು ಮೈಲಿ ದೂರದ, ನನಗೇನೂ ಆಗಬೇಕಾಗಿಲ್ಲದ ಒಂದು ಗಾಡಿ. ಆದರೂ ಆ ದಿನ ಮನಸ್ಸು ಹಗುರಾಯಿತು. ಹಳೆಯ ಮನೆಯಲ್ಲಿ ಊಟ ನಡೆಯಲಿ, ಬೇಡವೆನ್ನುವವರಾರು? ಅಲ್ಲಿ ಉಂಡೆದ್ದವನಿಗೆ ಊರಿಗೆ ಹೋಗಲು ಗಾಡಿಯೂ ಇರಲಿ.