ಅಲುಗದ ವಾದ್ಯ, ಎರಡು ಊರುಗಳ ನಾದ

ಸಂಗೀತಗಾರ ತನ್ನ ವಾದ್ಯವನ್ನು ಹೊತ್ತು ಸಭೆಗೆ ಹೋಗುವುದು ಲೋಕರೂಢಿ. ವೀಣೆ, ಪಿಟೀಲು, ಮೃದಂಗ ಎಲ್ಲಕ್ಕೂ ಇದು ಸಲ್ಲುತ್ತದೆ. ಆದರೆ ಪಾಶ್ಚಾತ್ಯ ಸಂಗೀತದ ಪೈಪ್ ಆರ್ಗನ್ ಈ ರೂಢಿಗೆ ಹೊರತಾದದ್ದು. ಅದು ಕಟ್ಟಡದ ಒಂದು ಅಂಗ. ಸಾವಿರಾರು ಕೊಳವೆಗಳು ಗೋಡೆಗೆ ಒತ್ತಿ ನಿಂತಿರುತ್ತವೆ. ಕೇಳುವವರೂ ಜೊತೆಗೂಡಿ ನುಡಿಸುವವರೂ ಅದರ ಬಳಿಗೇ ಹೋಗಬೇಕು. ಹೀಗಾಗಿ ಆರ್ಗನ್ ಮತ್ತು ವಾದ್ಯವೃಂದಗಳ ಕೂಡು ಕೃತಿಗಳನ್ನು ಧ್ವನಿಮುದ್ರಿಸಿಕೊಂಡ ಇತಿಹಾಸ ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ. ಧ್ವನಿಮುದ್ರಿಕೆ ಯಾವುದಕ್ಕೆ ಸಾಕ್ಷಿ? ನಡೆದ ಕಛೇರಿಗೋ, ಎಲ್ಲಿಯೂ ನಡೆಯದ ಕಛೇರಿಗೋ?

ಮೊದಲು ವಾದ್ಯದ ಪರಿಚಯ ಮಾಡಿಕೊಳ್ಳೋಣ. ನಮಗೆಲ್ಲ ಗೊತ್ತಿರುವ ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಲೋಹದ ರೀಡುಗಳನ್ನು ಕಂಪಿಸುತ್ತದೆ. ಪೈಪ್ ಆರ್ಗನ್ನಿನ ಬಹುಪಾಲು ಕೊಳವೆಗಳು ಕೊಳಲಿನ ಜಾತಿಯವು. ಒಂದು ಕೊಳವೆಗೆ ಒಂದೇ ಸ್ವರ. ದೊಡ್ಡ ಆರ್ಗನ್ನುಗಳಲ್ಲಿ 32 ಅಡಿ ಉದ್ದದ ಕೊಳವೆಗಳೂ ಇರುತ್ತವೆ. ಅವುಗಳ ಅತಿ ಮಂದ್ರ ಸ್ವರ ಸೆಕೆಂಡಿಗೆ ಸುಮಾರು 16 ಕಂಪನಗಳದ್ದು. ಕಿವಿಗಿಂತ ಹೆಚ್ಚಾಗಿ ಮೈಗೆ ತಿಳಿಯುವಂಥದು. ಇನ್ನು ಶ್ರುತಿಯ ವಿಷಯ. ಪಿಟೀಲಿನ ತಂತಿಯನ್ನು ಕ್ಷಣದಲ್ಲಿ ಬಿಗಿ ಮಾಡಬಹುದು, ಸಾವಿರಾರು ಕೊಳವೆಗಳನ್ನು ಹಾಗೆ ತಿದ್ದಲಾಗದು. ಸಭಾಂಗಣದ ತಾಪ 10 ಡಿಗ್ರಿ ಏರಿದರೆ ಕೊಳವೆಗಳ ಶ್ರುತಿ ಅರ್ಧಸ್ವರದ ಸುಮಾರು ಮೂರನೆಯ ಒಂದು ಪಾಲಿನಷ್ಟು ಏರಿಬಿಡುತ್ತದೆ. ಆದ್ದರಿಂದ ವಾದ್ಯವೃಂದವೇ ಆರ್ಗನ್ನಿಗೆ ಶ್ರುತಿ ಸೇರಿಸಿಕೊಳ್ಳಬೇಕಾಗುತ್ತದೆ.

ಇಂಥ ಕೃತಿಗಳಲ್ಲಿ ಬಹು ಪ್ರಸಿದ್ಧವಾದುದು ಫ್ರಾನ್ಸಿನ ಕಾಮಿಯ್ ಸಾಂ-ಸಾನ್ಸ್ ಅವರ ಮೂರನೆಯ ಸಿಂಫೊನಿ. ಅವರು ಪ್ಯಾರಿಸ್ಸಿನ ಮಾದ್ಲೆನ್ ಚರ್ಚಿನಲ್ಲಿ 1858ರಿಂದ 1877ರವರೆಗೆ ಆರ್ಗನ್ ವಾದಕರಾಗಿದ್ದವರು. ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿಯ ಕೋರಿಕೆಯ ಮೇರೆಗೆ ಬರೆದ ಈ ಕೃತಿ ಅದೇ ನಗರದಲ್ಲಿ 1886ರ ಮೇ 19ರಂದು ಅವರ ನಿರ್ದೇಶನದಲ್ಲಿಯೇ ಮೊದಲ ಬಾರಿಗೆ ಪ್ರಸ್ತುತವಾಯಿತು. ಅದೇ ಜುಲೈಯಲ್ಲಿ ನಿಧನರಾದ ಫ್ರಾಂಜ್ ಲಿಸ್ಟ್ ಅವರ ನೆನಪಿಗೆ ಅದನ್ನು ಅರ್ಪಿಸಲಾಗಿದೆ. ಇಲ್ಲಿ ಆರ್ಗನ್ ಮೊದಲು ಬರುವುದು ಮೆಲುದನಿಯಲ್ಲಿ, ತಂತಿವಾದ್ಯಗಳ ಕೆಳಗೆ ಹಾಸಿದ ಜಮಖಾನದಂತೆ. ಕೊನೆಯ ಭಾಗದ ಆರಂಭದಲ್ಲಿ ಮಾತ್ರ ಅದು ಸಿ ಮೇಜರ್ ಸ್ವರಗುಚ್ಛವನ್ನು ಪೂರ್ಣ ಬಲದಿಂದ ನುಡಿಯುತ್ತದೆ. ಕೇಳುಗನಿಗೆ ಅಲ್ಲಿಯವರೆಗೆ ಮುಚ್ಚಿದ್ದ ಮಹಾದ್ವಾರವೊಂದು ತೆರೆದ ಅನುಭವವಾಗುತ್ತದೆ.

ಈ ದ್ವಾರವನ್ನು ಒಂದು ತಟ್ಟೆಯೊಳಗೆ ಹಿಡಿದಿಡುವುದು ಹೇಗೆ? 1925ಕ್ಕೆ ಮೊದಲು ಮುದ್ರಣವೆಂದರೆ ತುತ್ತೂರಿಯ ಬಾಯಿಯ ಮುಂದೆ ಕುಳಿತು ನುಡಿಸುವುದಾಗಿತ್ತು. ಆರ್ಗನ್ನನ್ನು ತುತ್ತೂರಿಯ ಬಳಿಗೆ ತರುವಂತಿರಲಿಲ್ಲ, ಮಂದ್ರ ಸ್ವರಗಳನ್ನು ಅದು ಗ್ರಹಿಸುತ್ತಲೂ ಇರಲಿಲ್ಲ. ಆ ವರ್ಷ ಬಳಕೆಗೆ ಬಂದ ವಿದ್ಯುತ್ ಮುದ್ರಣ ಮೈಕ್ರೊಫೋನನ್ನೇ ವಾದ್ಯವಿದ್ದಲ್ಲಿಗೆ ಒಯ್ಯುವುದನ್ನು ಸಾಧ್ಯವಾಗಿಸಿತು. ಮುಂದೆ ಕಾಂತೀಯ ಟೇಪ್, ಬಳಿಕ ಸ್ಟೀರಿಯೊ ಬಂದವು.

ಸ್ಟೀರಿಯೊದ ಆರಂಭಕಾಲದ ಒಂದು ಸಾಧನೆ ಬೋಸ್ಟನ್ನಿನದು. ಅಲ್ಲಿಯ ಸಿಂಫೊನಿ ಹಾಲ್ 1900ರಲ್ಲಿ ಆರಂಭವಾಯಿತು. ಅನುರಣನವನ್ನು ಗಣಿತದಿಂದ ಅಳೆಯುವ ದಾರಿ ತೋರಿದ ವಿಜ್ಞಾನಿ ವಾಲೇಸ್ ಸೇಬಿನ್ ಅವರ ಸಲಹೆಯಂತೆ ಕಟ್ಟಿದ ಸಭಾಂಗಣವದು. ವೇದಿಕೆಯ ಹಿಂದೆಯೇ ಆರ್ಗನ್ ಇದೆ. 1959ರ ಏಪ್ರಿಲ್ 5 ಮತ್ತು 6ರಂದು ಚಾರ್ಲ್ಸ್ ಮ್ಯೂನ್ಶ್ ಅವರ ನಿರ್ದೇಶನದಲ್ಲಿ, ಬರ್ಜ್ ಜಾಮ್ಕೋಚಿಯನ್ ಅವರ ಆರ್ಗನ್ ವಾದನದೊಡನೆ, ಆರ್‌ಸಿಎ ಸಂಸ್ಥೆ ಈ ಸಿಂಫೊನಿಯನ್ನು ಅಲ್ಲಿ ಮುದ್ರಿಸಿಕೊಂಡಿತು. ಎಲ್ಲರೂ ಒಂದೇ ಸೂರಿನಡಿ ಇದ್ದರು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು. ಆರ್ಗನ್ ಭೋರ್ಗರೆದಾಗ ಹಿತ್ತಾಳೆ ವಾದ್ಯದವರು ಅದಕ್ಕೆ ಎದೆಗೊಟ್ಟು ಊದುವುದನ್ನು ಈ ಮುದ್ರಿಕೆಯಲ್ಲಿ ಇಂದಿಗೂ ಕೇಳಬಹುದು.

ಹದಿನಾರು ವರ್ಷಗಳ ಬಳಿಕ ಇನ್ನೊಂದು ದಾರಿ ತೆರೆಯಿತು. 1975ರಲ್ಲಿ ಡಾಯ್ಚ ಗ್ರಾಮಫೋನ್ ಸಂಸ್ಥೆಗಾಗಿ ಡೇನಿಯಲ್ ಬಾರೆನ್‌ಬೊಯ್ಮ್ ಅವರು ಷಿಕಾಗೋ ಸಿಂಫೊನಿ ವಾದ್ಯವೃಂದದೊಡನೆ ಇದೇ ಕೃತಿಯನ್ನು ಆ ನಗರದ ಮೆಡಿನಾ ಟೆಂಪಲ್ ಸಭಾಂಗಣದಲ್ಲಿ ಮುದ್ರಿಸಿದರು. ಅಲ್ಲಿಯೂ ದೊಡ್ಡ ಆರ್ಗನ್ ಇದ್ದೇ ಇತ್ತು. ಆದರೂ ಆರ್ಗನ್ನಿನ ಭಾಗವನ್ನು ಸಾಗರದಾಚೆ, ಫ್ರಾನ್ಸಿನ ಶಾರ್ತ್ರ್ ಮಹಾದೇವಾಲಯದಲ್ಲಿ ಗಾಸ್ತೋಂ ಲಿತೇಜ್ ಅವರಿಂದ ಪ್ರತ್ಯೇಕವಾಗಿ ನುಡಿಸಿ, ಎರಡನ್ನೂ ಟೇಪಿನ ಮೇಲೆ ಕೂಡಿಸಲಾಯಿತು. ಲಿತೇಜ್ ದೃಷ್ಟಿಹೀನರು. ನಿರ್ದೇಶಕರ ಕೈಸನ್ನೆಯನ್ನು ನೋಡಿ ನುಡಿಸುವ ಪ್ರಶ್ನೆಯೇ ಅವರಿಗಿರಲಿಲ್ಲ. ಹೀಗೆ ಕೂಡಿಸುವುದು ಸುಲಭದ ಕೆಲಸವೂ ಅಲ್ಲ. ಶ್ರುತಿ ಹೊಂದಲಿಲ್ಲವೆಂದು ಟೇಪಿನ ವೇಗವನ್ನು ಬದಲಿಸಿದರೆ ಅದರ ಜೊತೆಗೆ ಕಾಲಪ್ರಮಾಣವೂ ಬದಲಾಗಿಬಿಡುತ್ತದೆ.

1981ರಲ್ಲಿ ಹರ್ಬರ್ಟ್ ಫಾನ್ ಕಾರಯಾನ್ ಅವರೂ ಇದೇ ಕ್ರಮವನ್ನು ಅನುಸರಿಸಿದರು. ವಾದ್ಯವೃಂದ ಬರ್ಲಿನ್ನಿನದು. ಆರ್ಗನ್ ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದ್ದು, ವಾದಕರು ಅಲ್ಲಿಯ ಪಿಯೆರ್ ಕೊಶೆರೊ. ಬರ್ಲಿನ್ನಿನ ಸಭಾಂಗಣದಲ್ಲಿಯೂ ಆರ್ಗನ್ ಉಂಟು. ಎಂದಮೇಲೆ ಇವೆರಡೂ ಅನಿವಾರ್ಯದಿಂದಾದ ಏರ್ಪಾಡುಗಳಲ್ಲ, ಬೇಕೆಂದೇ ಮಾಡಿಕೊಂಡ ಆಯ್ಕೆಗಳು. ಫ್ರೆಂಚ್ ಆರ್ಗನ್ನಿನ ಕಂಠ ಮತ್ತು ಅದು ಮೊಳಗುವ ಕಲ್ಲಿನ ಕಟ್ಟಡದ ಗಾಳಿ, ಇವೆರಡೂ ನಿರ್ಮಾಪಕರಿಗೆ ಬೇಕಾಗಿದ್ದವು.

ಇದು ಕೃತಕವಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಪರಸ್ಪರರನ್ನು ಕೇಳಿಸಿಕೊಂಡು ಹೊಂದಿಕೊಳ್ಳುವುದು ಸಹವಾದನದ ಜೀವ. ಪಕ್ಕವಾದ್ಯದವರನ್ನು ಬೇರೆ ಊರಿನಲ್ಲಿ ಕೂರಿಸಿದ ಕಛೇರಿಯನ್ನು ನಾವು ಒಪ್ಪುತ್ತೇವೆಯೇ? ಆದರೆ ಬೋಸ್ಟನ್ನಿನ ಮುದ್ರಿಕೆಯೂ ಒಂದೇ ಸಂಜೆಯ ಕಛೇರಿಯಲ್ಲ, ಎರಡು ದಿನಗಳ ಕೆಲಸ ಎಂಬುದನ್ನು ಮರೆಯಬಾರದು. ಬೋಸ್ಟನ್ ಮುದ್ರಿಕೆ ಮನುಷ್ಯರ ಒಡನಾಟಕ್ಕೆ ಸಾಕ್ಷಿಯಾದರೆ, ಉಳಿದೆರಡು ಮುಖ್ಯವಾಗಿ ಸ್ಥಳಕ್ಕೆ ಸಾಕ್ಷಿಯಾಗಿವೆ ಎನ್ನುವುದು ನ್ಯಾಯವಾದೀತು.

ಸ್ಥಳದ ಸಾಕ್ಷ್ಯಕ್ಕೆ ಎಷ್ಟು ಬೆಲೆಯೆಂಬುದು ಮುಂದೆ ಕಹಿಯಾದ ರೀತಿಯಲ್ಲಿ ತಿಳಿದುಬಂತು. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಬೆಂಕಿಗೆ ತುತ್ತಾಯಿತು. ಮಾಡು ಸುಟ್ಟುಹೋಯಿತು, ಗೋಪುರ ಉರುಳಿತು, ಕಮಾನುಚಾವಣಿಯಲ್ಲಿ ರಂಧ್ರಗಳು ಬಿದ್ದವು. 1868ರಲ್ಲಿ ಅರಿಸ್ತೀದ್ ಕವಾಯೇ-ಕೋಲ್ ಅವರು ನವೀಕರಿಸಿದ್ದ, ಸುಮಾರು 8,000 ಕೊಳವೆಗಳ ಆರ್ಗನ್ ಸುಡದೆ ಉಳಿಯಿತಾದರೂ ಸೀಸದ ಧೂಳಿನಲ್ಲಿ ಮುಳುಗಿತು. ಬೆಂಕಿಗೆ ಮೊದಲೇ ಅಳೆದಿಟ್ಟಿದ್ದ ಅನುರಣನದ ದಾಖಲೆಗಳು ಧ್ವನಿವಿಜ್ಞಾನಿಗಳ ಬಳಿಯಿದ್ದವು. 2020ರಲ್ಲಿ ಮತ್ತೆ ಅಳೆದಾಗ ಅದು ಗಣನೀಯವಾಗಿ ತಗ್ಗಿತ್ತು. ವಾದ್ಯವಿತ್ತು, ಅದರ ಅರ್ಧ ದನಿಯಾಗಿದ್ದ ಮಂದಿರ ಗಾಯಗೊಂಡಿತ್ತು. ದುರಸ್ತಿ ಮುಗಿದು 2024ರ ಡಿಸೆಂಬರಿನಲ್ಲಿ ಮಹಾದೇವಾಲಯ ಮತ್ತೆ ತೆರೆದಾಗ ಆರ್ಗನ್ ಕೂಡ ನುಡಿಯಿತು.

ಎಂದೂ ನಡೆಯದ ಕಛೇರಿಯೆಂದು ಆಕ್ಷೇಪಿಸಬಹುದಾದ 1981ರ ಆ ಮುದ್ರಿಕೆಯಲ್ಲಿ, ಬೆಂಕಿ ಬೀಳುವುದಕ್ಕೆ ಮುನ್ನ ಆ ಕಲ್ಲುಗಳು ಕೊಟ್ಟ ಮರುದನಿ ಉಳಿದಿದೆ. ಈ ಸಿಂಫೊನಿಯನ್ನು ಕೇಳುವ ಅವಕಾಶ ದೊರೆತವರು ಕೊನೆಯ ಭಾಗದ ಮಹಾ ಸ್ವರಗುಚ್ಛವನ್ನು ಮಾತ್ರವಲ್ಲ, ಅದು ನಿಂತ ಮೇಲೆ ಗಾಳಿಯಲ್ಲಿ ಕರಗುವ ನಾದವನ್ನೂ ಗಮನಿಸಬೇಕು. ಅಲ್ಲಿ ಕೇಳಿಸುವುದು ವಾದಕನ ಕೈಯಲ್ಲ, ಒಂದು ಕಟ್ಟಡದ ಕಂಠ.